ಡೋಂಗ್ರಿಯ ಜೈಲು, ವಡಾಲಾದ ಠಾಣೆ

ಕಾಮೋಠೆಯ ನಾವು ಮಾನಸರೋವರದಲ್ಲಿ ಹಾರ್ಬರ್ ಲೋಕಲ್ ಹತ್ತಿ ಸಿಎಸ್‌ಎಂಟಿಗೆ ಹೋಗುವಾಗ ವಡಾಲಾ, ಸ್ಯಾಂಡ್‌ಹರ್ಸ್ಟ್ ರೋಡ್ ದಾಟುತ್ತೇವೆ. ಕಾನೂನಿನ ಕೈಗೆ ಸಿಕ್ಕ ಮಕ್ಕಳ ಚರಿತ್ರೆಯ ದೊಡ್ಡ ಪಾಲು ಇದೇ ದಾರಿಯಲ್ಲಿದೆ.

ಸ್ಯಾಂಡ್‌ಹರ್ಸ್ಟ್ ರೋಡಿನ ಪಕ್ಕದ ಡೋಂಗ್ರಿಯಲ್ಲಿರುವ ಮಕ್ಕಳ ವೀಕ್ಷಣಾಲಯ ಹಿಂದೆ ಸೆರೆಮನೆಯಾಗಿತ್ತು. ಕೊಲ್ಹಾಪುರದ ಮಾನಹಾನಿ ಮೊಕದ್ದಮೆಯಲ್ಲಿ ಟಿಳಕ ಮತ್ತು ಆಗರಕರ 1882ರಲ್ಲಿ ಅಲ್ಲಿ 101 ದಿನ ಕಳೆದರು. ಆಗರಕರರು ಅದನ್ನೇ ಪುಸ್ತಕವಾಗಿ ಬರೆದರು. 1924ರಲ್ಲಿ ಮುಂಬಯಿ ಮಕ್ಕಳ ಕಾಯ್ದೆ ಬಂತು. ಧಾರವಾಡ, ಬೆಳಗಾವಿ, ವಿಜಾಪುರ ಆಗ ಇದೇ ಪ್ರಾಂತ್ಯದಲ್ಲಿದ್ದುದರಿಂದ ಇದು ನಮ್ಮವರ ಕಾಯ್ದೆಯೂ ಹೌದು. 1927ರಲ್ಲಿ ಚಿಲ್ಡ್ರನ್ಸ್ ಏಡ್ ಸೊಸೈಟಿ ಹುಟ್ಟಿತು. ಮಕ್ಕಳನ್ನು ಜೈಲಿನಿಂದ ದೂರವಿಡಬೇಕೆಂದು ಹೊರಟವರಿಗೆ ಸಿಕ್ಕಿದ್ದು ಹಳೆಯ ಜೈಲೇ!

ಆದರೂ ದೇಶದ ಜೈಲುಗಳಲ್ಲಿ ಮಕ್ಕಳು ಉಳಿದೇ ಇದ್ದರು. ಮುಂಬಯಿಯ ಪತ್ರಕರ್ತೆ ಶೀಲಾ ಬರ್ಸೆ ಸುಪ್ರೀಂ ಕೋರ್ಟಿಗೆ ಹೋದರು. 1986ರ ತೀರ್ಪು ಗಡುವು ಹಾಕಿತು: ಏಳು ವರ್ಷದೊಳಗಿನ ಶಿಕ್ಷೆಯ ಅಪರಾಧವಾದರೆ ಮೂರು ತಿಂಗಳಲ್ಲಿ ತನಿಖೆ ಮುಗಿಯಬೇಕು, ಇಲ್ಲವಾದರೆ ಕೇಸು ಮುಗಿದಂತೆ. ಪ್ರಾಜೆಕ್ಟ್ ನಡೆಸುವ ನನಗೆ ಇದು ಹಿಡಿಸುತ್ತದೆ; ಗಡುವು ತಪ್ಪಿದರೆ ನಷ್ಟ ಯಾರಿಗೆಂದು ಮೊದಲೇ ಬರೆದಿಟ್ಟಿದ್ದಾರೆ. ಅದೇ ವರ್ಷ ಜಮ್ಮು-ಕಾಶ್ಮೀರ ಬಿಟ್ಟು ದೇಶಕ್ಕೆಲ್ಲ ಒಂದೇ ಬಾಲನ್ಯಾಯ ಕಾಯ್ದೆಯೂ ಬಂತು.

ಇವೆಲ್ಲ ಹೆಚ್ಚಾಗಿ ಮಗು ನ್ಯಾಯಾಲಯ ತಲುಪಿದ ನಂತರದ ಮಾತು. ಅದಕ್ಕಿಂತ ಮೊದಲಿನ ಗಂಟೆಗಳು ಪೊಲೀಸರವು. ಏಪ್ರಿಲ್ 2014ರಲ್ಲಿ ವಡಾಲಾ ರೈಲ್ವೆ ಪೊಲೀಸರು ಕಳವಿನ ಅನುಮಾನದಲ್ಲಿ ನಾಲ್ವರನ್ನು ಎಳೆದೊಯ್ದರು. ಅವರಲ್ಲೊಬ್ಬ ಇನ್ನೂ ಬಾಲಕ. ಹೊಡೆತ, ಲೈಂಗಿಕ ಹಿಂಸೆಯ ಆರೋಪ ಬಂತು. ನಾಲ್ವರಲ್ಲಿ ಒಬ್ಬ ಯುವಕ ಸತ್ತ. ತಪ್ಪಿಸಿಕೊಳ್ಳುವಾಗ ರೈಲಿಗೆ ಸಿಕ್ಕಿದನೆಂದು ಪೊಲೀಸರು, ಕೊಂದರೆಂದು ಮನೆಯವರು. ಬಾಂಬೆ ಹೈಕೋರ್ಟ್ ತನಿಖೆಯನ್ನು ಸಿಬಿಐಗೆ ಕೊಟ್ಟು, ರಾಜ್ಯದ ಠಾಣೆಗಳಿಗೆಲ್ಲ ಸಿಸಿಟಿವಿ ಹಾಕಲು ಹೇಳಿತು.

2015ರ ಕಾಯ್ದೆಯ ಪ್ರಕಾರ ಮಗುವನ್ನು ಲಾಕಪ್ಪಿಗೆ ಹಾಕುವಂತಿಲ್ಲ, 24 ಗಂಟೆಯೊಳಗೆ ಬಾಲನ್ಯಾಯ ಮಂಡಳಿಯ ಮುಂದೆ ನಿಲ್ಲಿಸಬೇಕು. 2016ರ ನಿಯಮಗಳು ಇನ್ನೂ ಮುಂದೆ ಹೋಗುತ್ತವೆ: ಕೋಳ ಬೇಡ, ಬಲಪ್ರಯೋಗ ಬೇಡ, ಹೇಳಿಕೆಗೆ ಸಹಿ ಹಾಕಿಸಬೇಡಿ, ಠಾಣೆಯೆಂದು ಅನಿಸದ ಜಾಗದಲ್ಲಿ ಮಾತಾಡಿಸಿ. ಆ ಹೊತ್ತಿನಲ್ಲಿ ತಂದೆತಾಯಿ ಜೊತೆಗಿರಬಹುದು ಎಂದೂ ಇದೆ. ಇರಲೇಬೇಕು ಎಂದಿಲ್ಲ.