ಪೈ ಪೈ ಲೆಕ್ಕ

ಪೈ ಅಂದ್ರೆ ಕರಾವಳಿ ಕಡೆಯವರಿಗೆ ಅಡ್ಡಹೆಸರು. ನಮ್ಮಜ್ಜನ ಕಾಲದವರಿಗೆ ಚಿಲ್ಲರೆ: ಹನ್ನೆರಡು ಪೈಗೆ ಒಂದಾಣೆ. ತಿನ್ನೋ ಪೈ ನಮ್ಮ ಕಡೆಗೆ ಬಂದಿದ್ದು ಮೊನ್ನೆಮೊನ್ನೆ, ಅದೂ ಆಪಲ್ ಪೈ ಆಗಿ, ಐಸ್‌ಕ್ರೀಮ್ ಹೊತ್ತುಕೊಂಡು. ನಾನಿಲ್ಲಿ ಹೇಳ್ತಿರೋದು ಅದರ ಖಾರದ ಅಣ್ಣನ ಬಗ್ಗೆ. ಕೋಳಿಯ ಹೂರಣ, ಕೆಳಗೊಂದು ಮೇಲೊಂದು ಹಿಟ್ಟಿನ ಹಾಳೆ, ಅಂಚು ಒತ್ತಿ ಮುಚ್ಚಿ ಓವನ್ನಿನಲ್ಲಿ ಬೇಯಿಸಿದ್ದು.

ಇದನ್ನ ದಾವಣಗೆರೆಯಲ್ಲಿ ಮಾಡ್ತೀನಿ ಅಂದಾಗ ಗೆಳೆಯರೆಲ್ಲ ಕೇಳಿದ್ದು ಒಂದೇ ಪ್ರಶ್ನೆ: ಬೆಣ್ಣೆ ದೋಸೆ ಊರಲ್ಲಿ ಇದೆಲ್ಲ ಯಾಕೆ? ಪ್ರಶ್ನೆ ನ್ಯಾಯವಾದದ್ದೇ. ಆದರೆ ಅದರೊಳಗೆ ಒಂದು ನಂಬಿಕೆ ಅಡಗಿ ಕೂತಿದೆ, ಪೈ ಅನ್ನೋದು ಇಂಗ್ಲಿಷರ ಮನೆಯಡುಗೆ, ನಮಗೆ ಅದು ಒಗ್ಗಲ್ಲ ಅಂತ. ಇತಿಹಾಸ ನೋಡಿದ್ರೆ ಪೈ ಬಹಳ ಕಾಲ ಇಂಗ್ಲೆಂಡಿನಲ್ಲೂ ಎಲ್ಲರ ಮನೆಯ ಅಡುಗೆ ಆಗಿರಲಿಲ್ಲ.

ಮಧ್ಯಯುಗದ ಯುರೋಪಿನಲ್ಲಿ ಪೈಯ ಹೊರಕವಚ ಒಂದು ಪಾತ್ರೆ. ಹಿಟ್ಟು ನೀರು ಕಲಸಿ ದಪ್ಪ ಗೋಡೆ ಎಬ್ಬಿಸಿ, ಒಳಗೆ ಮಾಂಸ ಇಟ್ಟು, ಮೇಲೆ ಮುಚ್ಚಳ ಹಾಕಿ ಸುಡುತ್ತಿದ್ದರು. ಇಂಗ್ಲಿಷಿನಲ್ಲಿ ಅದಕ್ಕೆ ಕಾಫಿನ್ ಅಂತಲೇ ಹೆಸರಿತ್ತು. ಆಗ ಆ ಪದಕ್ಕೆ ಪೆಟ್ಟಿಗೆ ಅನ್ನೋ ಅರ್ಥ ಇತ್ತು, ಗಾಬರಿ ಬೇಡ. ಗೋಡೆ ಕಲ್ಲಿನಷ್ಟು ಗಟ್ಟಿ. ಬೆಣ್ಣೆ ಹಾಕಿ ಪದರ ಪದರವಾಗಿ ಉದುರುವ ಹಾಗೆ ಮಾಡೋದು ಆಮೇಲೆ ಬಂದ ನಾಜೂಕು. ಕಾರ್ನ್‌ವಾಲಿನ ತವರದ ಗಣಿ ಕಾರ್ಮಿಕರು ಜೇಬಲ್ಲಿ ಇಟ್ಕೊಂಡು ಹೋಗ್ತಿದ್ದ ಪಾಸ್ಟಿ ಇದೇ ವಂಶದ್ದು. ನಮ್ಮ ಭಾಷೆಯಲ್ಲಿ ಹೇಳಬೇಕಂದ್ರೆ ಅದು ಬುತ್ತಿ. ಹೊಲಕ್ಕೆ ಹೋಗೋರು ಜೋಳದ ರೊಟ್ಟಿ ಮೇಲೆ ಪಲ್ಯ ಇಟ್ಟು ಬಟ್ಟೆಯಲ್ಲಿ ಸುತ್ತಿಕೊಂಡ ಹಾಗೆ. ನಮ್ಮದು ಬಾಯಿ ತೆರೆದ ಬುತ್ತಿ, ಅವರದು ಬಾಯಿ ಹೊಲಿದ ಬುತ್ತಿ.

ಬಾಯಿ ಹೊಲಿಯೋದು ನಮಗೇನು ಹೊಸದಲ್ಲ. ಕರಿಗಡುಬು ಏನು ಮತ್ತೆ? ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರ ಹನ್ನೆರಡನೇ ಶತಮಾನದಲ್ಲಿ ಸಂಸ್ಕೃತದಲ್ಲಿ ಬರೆಸಿದ ಮಾನಸೋಲ್ಲಾಸದಲ್ಲಿ ಗೋಧಿ ಹಿಟ್ಟಿಗೆ ಹೂರಣ ತುಂಬುವ ತಿನಿಸೂ ಇದೆ, ತರಹೇವಾರಿ ಮಾಂಸದ ಅಡುಗೆಯೂ ಇದೆ. ದಾವಣಗೆರೆ ಸುತ್ತಿನ ಸೀಮೆಯನ್ನ ಆಗ ಆಳುತ್ತಿದ್ದವರು ಆ ಚಾಲುಕ್ಯರ ಸಾಮಂತರಾದ ಉಚ್ಚಂಗಿಯ ಪಾಂಡ್ಯರು. 1500ರ ಹೊತ್ತಿಗೆ ಮಾಂಡುವಿನ ಸುಲ್ತಾನನ ಅಡುಗೆ ಪುಸ್ತಕ ನಿಮತ್‌ನಾಮಾದಲ್ಲಿ ಕೈಮಾ ತುಂಬಿದ ಸಮೋಸ ಬಂದಿತ್ತು. ಗೋವಾದಲ್ಲಿ ಪೋರ್ಚುಗೀಸರಿಂದ ಕಲಿತ ಎಂಪಾಡ ಈಗಲೂ ಬೇಕರಿಯಲ್ಲಿ ಸಿಗುತ್ತೆ, ಅಂಗೈಯಲ್ಲಿ ಕೂರುವಷ್ಟು ಚಿಕ್ಕ ಪೈ, ಒಳಗೆ ಹಂದಿ ಇಲ್ಲಾ ಕೋಳಿ.

ಹಾಗಾದ್ರೆ ಬಯಲುಸೀಮೆಯ ಮನೆಗಳಲ್ಲಿ ಪೈ ಯಾಕೆ ಹುಟ್ಟಲಿಲ್ಲ? ಸೌದೆ. ಹೆಂಚಿನ ಮೇಲೆ ರೊಟ್ಟಿ ತಟ್ಟೋಕೆ ಒಂದಿಷ್ಟು ಹತ್ತಿ ಕಟ್ಟಿಗೆ, ನಾಲ್ಕು ಕುಳ್ಳು ಸಾಕು. ಒಲೆ ಹಚ್ಚಿದ ಹತ್ತು ನಿಮಿಷಕ್ಕೆ ಮೊದಲ ರೊಟ್ಟಿ ಏಳುತ್ತೆ. ಓವನ್ ಹಾಗಲ್ಲ. ಗೋಡೆ ಕಾಯಬೇಕು, ನೆಲ ಕಾಯಬೇಕು, ಆಮೇಲೆ ಕೆಂಡ ಹೊರಗೆಳೆದು ಉಳಿದ ಕಾವಿನಲ್ಲಿ ಬೇಯಿಸಬೇಕು. ಒಂದು ಮನೆಯ ಒಂದು ಊಟಕ್ಕೆ ಅಷ್ಟು ಸೌದೆ ಸುಡೋದು ದುಂದು. ಇಂಗ್ಲೆಂಡಿನ ಬಡವರಿಗೂ ಇದೇ ಕಷ್ಟ. ಮನೆಯಲ್ಲಿ ಓವನ್ ಇಲ್ಲದವರು ಭಾನುವಾರ ತಮ್ಮ ಪಾತ್ರೆಯನ್ನ ಬೀದಿಯ ಬೇಕರಿಯವನಿಗೆ ಒಯ್ದು ಕೊಟ್ಟು, ನಾಲ್ಕು ಕಾಸು ತೆತ್ತು ಬೇಯಿಸಿಕೊಂಡು ಬರ್ತಿದ್ರು. ಎಲ್ಲವನ್ನೂ ಮನೇಲೇ ಮಾಡಿದ ಪೈ ಅನ್ನೋದು ಸಾಮಾನ್ಯ ಮನೆಗಳ ಮಟ್ಟಿಗೆ ಗ್ಯಾಸು, ಕರೆಂಟು ಬಂದ ಮೇಲಿನ ಹೆಮ್ಮೆ. ನಮ್ಮಲ್ಲೂ ಓವನ್ ಬಂದಿದ್ದು ಅಂಗಡಿಗೆ, ಮನೆಗಲ್ಲ. ಅಯ್ಯಂಗಾರ್ ಬೇಕರಿಗಳ ಕತೆ 1898ರ ಸುಮಾರಿಗೆ ಬೆಂಗಳೂರಿನ ಚಿಕ್ಕಪೇಟೆಯಿಂದ ಶುರುವಾಗುತ್ತೆ ಅಂತಾರೆ. ಸಂಜೆ ಟೀ ಜೊತೆ ನಾವು ತಿನ್ನೋ ಪಫ್ ಪೈಯ ಹತ್ತಿರದ ನೆಂಟ, ಕೋಳಿ ಬಿಟ್ಟು ಪಲ್ಯ ಹಿಡಿದವನು.

ಹರಿಹರ ಈ ಕತೆಗೆ ಬರೋದು ದಂಡಿನ ದಾರಿಯಲ್ಲಿ. ತುಂಗಭದ್ರೆಯ ಈಚೆ ಮೈಸೂರು ಸೀಮೆ, ಆಚೆ ಮುಂಬೈ ಪ್ರಾಂತ್ಯ. ಊರಿನಿಂದ ಸ್ವಲ್ಪ ದೂರದಲ್ಲಿ ದಂಡುಪ್ರದೇಶವಿತ್ತು, 1865ರವರೆಗೆ ಅಲ್ಲಿ ದೇಶೀ ಸಿಪಾಯಿಗಳ ಪಡೆಯೊಂದು ಬೀಡುಬಿಟ್ಟಿತ್ತು. ಬೆಂಗಳೂರಿನಿಂದ ಧಾರವಾಡಕ್ಕೆ ಹೋಗುವ ಹೆದ್ದಾರಿಗೆ ನದಿಯ ಮೇಲೆ ಸೇತುವೆ ಆಗಿದ್ದು 1868ರಲ್ಲಿ. ಇಂಥ ದಂಡುಗಳ ಬಿಳಿ ಅಧಿಕಾರಿಗಳಿಗೆ ಅಡುಗೆ ಮಾಡ್ತಿದ್ದವರು ನಮ್ಮವರೇ. ಮದ್ರಾಸ್ ಅಶ್ವದಳದ ಕೆನ್ನಿ-ಹರ್ಬರ್ಟ್ ವೈವರ್ನ್ ಅನ್ನೋ ಹೆಸರಲ್ಲಿ 1878ರಲ್ಲಿ ಮದ್ರಾಸಿನ ಅಡುಗೆ ಬಗ್ಗೆ ಒಂದು ಪುಸ್ತಕ ಬರೆದ. ಅದರಲ್ಲಿ ಅಡುಗೆಯವನು ಯಾರೇ ಆಗಲಿ ಅವನಿಗೆ ರಾಮಸಾಮಿ ಅಂತಲೇ ಹೆಸರು. ಸಾಹೇಬ ಪುಸ್ತಕ ಬರೆದ, ಬೆಂಕಿ ಮುಂದೆ ಕೂತವನಿಗೆ ಸ್ವಂತ ಹೆಸರೂ ಉಳಿಯಲಿಲ್ಲ. ಇಟ್ಟಿಗೆ ಓವನ್ ಇಲ್ಲದ ಕಡೆ ಇಂಥ ಅಡುಗೆಯವರು ಪಾತ್ರೆಯ ಕೆಳಗೂ ಕೆಂಡ, ಮುಚ್ಚಳದ ಮೇಲೂ ಕೆಂಡ ಹಾಕಿ ಬೇಯಿಸುತ್ತಿದ್ದರು. ನಿಮ್ಮಮ್ಮ ಕುಕ್ಕರಿಗೆ ಮರಳು ಸುರಿದು, ಸೀಟಿ ತೆಗೆದಿಟ್ಟು ಕೇಕ್ ಮಾಡಿದ್ದು ನೆನಪಿದ್ಯಾ? ಅದು ಇದೇ ಉಪಾಯದ ತಂಗಿ.

ಇನ್ನು ಸಾಮಾನಿನ ಲೆಕ್ಕ. ನಾಲ್ಕು ಜನಕ್ಕೆ ಕಾಲು ಕೇಜಿ ಮೈದಾ, ಅದರರ್ಧ ಬೆಣ್ಣೆ, ಚಿಟಿಕೆ ಉಪ್ಪು, ನಾಲ್ಕೈದು ಚಮಚ ಐಸ್ ನೀರು. ಹೂರಣಕ್ಕೆ ಮೂಳೆಯಿಲ್ಲದ ಕೋಳಿ 400 ಗ್ರಾಂ, ಈರುಳ್ಳಿ, ಮೆಣಸು, ಹಾಲು.

ಮೈದಾ ಈ ನೆಲದ್ದಲ್ಲ. ಇದು ಜೋಳ, ರಾಗಿ ತಿನ್ನುತ್ತಿದ್ದ ಸೀಮೆ. ಗೋಧಿ ಇತ್ತು, ಹಬ್ಬಕ್ಕೆ ಹೋಳಿಗೆ ಮಾಡುವಷ್ಟು. 1956ರಲ್ಲಿ ಅಮೆರಿಕದ ಜೊತೆ ಪಿಎಲ್ 480 ಒಪ್ಪಂದ ಆಗಿ ಹಡಗುಗಟ್ಟಲೆ ಗೋಧಿ ಬಂತು, ರೇಷನ್ ಅಂಗಡಿಯ ಕ್ಯೂನಲ್ಲಿ ಎಷ್ಟೋ ಮನೆಗಳಿಗೆ ಗೋಧಿ ದಿನದ ಊಟವಾಯಿತು.

ಕೋಳಿ ಮಾತ್ರ ಪಕ್ಕಾ ದಾವಣಗೆರೆಯದು, ಒಂದರ್ಥದಲ್ಲಿ. ನಾಟಿ ಕೋಳಿ ಬೇಯೋಕೆ ಹೊತ್ತು ಬೇಕು, ನಲವತ್ತು ನಿಮಿಷದ ಪೈಗೆ ಅದು ಬಗ್ಗಲ್ಲ. ಪೈಗೆ ಬೇಕಾದ್ದು ಐದಾರು ವಾರದ ಬ್ರಾಯ್ಲರ್. ಪುಣೆಯಲ್ಲಿ 1971ರಲ್ಲಿ ವೆಂಕಟೇಶ್ವರ ಹ್ಯಾಚರೀಸ್ ಶುರುವಾದ ಮೇಲೆ ಆ ಉದ್ಯಮ ದೇಶದ ತುಂಬ ಹಬ್ಬಿತು. ಬ್ರಾಯ್ಲರ್ ತಿನ್ನೋ ಮೇವಿನಲ್ಲಿ ಅರ್ಧಕ್ಕಿಂತ ಹೆಚ್ಚು ಗೋವಿನಜೋಳ. ದಾವಣಗೆರೆ ಸುತ್ತ ಕಣ್ಣು ಹಾಯಿಸಿದಷ್ಟೂ ಬೆಳೆಯೋದು ಅದನ್ನೇ. ನಾವು ಜೋಳ ತಿನ್ನೋದು ಕಡಿಮೆ ಮಾಡಿದೆವು, ಈಗ ಗೋವಿನಜೋಳ ಕೋಳಿಯಾಗಿ ತಟ್ಟೆಗೆ ಬರ್ತಿದೆ.

ಬೆಣ್ಣೆಗೆ ಬರೋಣ. 1928ರ ಸುಮಾರಿಗೆ ಬೆಳಗಾವಿ ಕಡೆಯಿಂದ ಬಂದ ಚೆನ್ನಮ್ಮ ನಾಟಕದ ಥಿಯೇಟರ್ ಹತ್ತಿರ ರಾಗಿ ದೋಸೆ ಮಾರಲು ಕೂತರು, ಬೆಣ್ಣೆ ದೋಸೆಯ ಮೂಲ ಅದೇ, ಅಂತ ಊರಲ್ಲಿ ಹೇಳ್ತಾರೆ. ದೋಸೆಗೆ ಬೆಣ್ಣೆ ಕರಗಬೇಕು, ಪೈಗೆ ಕರಗಬಾರದು. ಬೆಣ್ಣೆಯ ಚೂರುಗಳು ಹಿಟ್ಟಿನೊಳಗೆ ತಣ್ಣಗೆ ಉಳಿದು ಓವನ್ನಿನಲ್ಲೇ ಕರಗಿ, ಅದರ ನೀರು ಆವಿಯಾಗಿ ಪದರ ಬಿಡಿಸಬೇಕು. ಏಪ್ರಿಲ್‌ನಲ್ಲಿ 38 ಡಿಗ್ರಿ ಕಾಯೋ ಊರಲ್ಲಿ ಇದು ಹುಡುಗಾಟ ಅಲ್ಲ. ಬಿಡಿಯಾಗಿ ಕೊಂಡ ಬೆಣ್ಣೆಯಲ್ಲಿ ಮಜ್ಜಿಗೆ ಅಂಶ ಜಾಸ್ತಿ, ಬಟ್ಟೆಯಲ್ಲಿ ಹಿಂಡಿ ಫ್ರಿಜ್ಜಿಗೆ ಹಾಕಬೇಕು. ಕಣಕ ನಾದಿ ನಾದಿ ಪಳಗಿದ ಕೈಗೆ ಇಲ್ಲಿ ಕೆಲಸವಿಲ್ಲ. ನಾದಿದರೆ ಜಿಗಿ ಬರುತ್ತೆ, ಹೋಳಿಗೆಗೆ ಅದು ಬೇಕು, ಪೈಗೆ ಬೇಡ. ಬೆರಳ ತುದಿಯಲ್ಲಿ ಉದುರುದುರಾಗಿ ಉಜ್ಜಿ, ನೀರು ಚಿಮುಕಿಸಿ, ಒತ್ತಿ ಉಂಡೆ ಮಾಡಿದರೆ ಮುಗೀತು.

ನಾನು ಬೆಣ್ಣೆ ಕೊಂಡಿದ್ದು ದಾವಣಗೆರೆಯಲ್ಲಿ, ಪೈ ಮಾಡಿದ್ದು ಹರಿಹರದಲ್ಲಿ. ಕಾರಣ ನನ್ನ ಬಾಡಿಗೆ ಮನೆ. ವೆಜ್ ಮಾತ್ರ ಅಂತ ಅಡ್ವಾನ್ಸ್ ಕೊಡೋ ದಿನವೇ ಓನರ್ ಹೇಳಿದ್ದರು. ಬೆಂಗಳೂರಲ್ಲಿ ಮನೆ ಹುಡುಕಿದವರಿಗೆ ಈ ಮಾತು ಹೊಸದಲ್ಲ. ಆದರೆ ರಾಜನ ಪುಸ್ತಕದಲ್ಲೇ ಹೋಳಿಗೆ, ಮಾಂಸ ಅಕ್ಕಪಕ್ಕ ಕೂತಿದ್ದ ನಾಡಲ್ಲಿ ಕೋಳಿ ಬೇಯಿಸೋಕೆ ಹದಿನಾಲ್ಕು ಕಿಲೋಮೀಟರ್ ಬಸ್ಸಲ್ಲಿ ಹೋಗಬೇಕು ಅನ್ನೋದು ನನಗೆ ಸಣ್ಣ ವಿಷಯ ಅನ್ನಿಸಲ್ಲ. ನಾನು ಏನು ಬೇಯಿಸ್ತೀನಿ ಅನ್ನೋದು ಕೇಳಿ, ನಾನು ಯಾರು ಅಂತ ಲೆಕ್ಕ ಹಾಕೋ ಪ್ರಶ್ನೆ ಅದು.

ಹರಿಹರದ ಗೆಳೆಯನ ತಂದೆ ಕಾರ್ಖಾನೆ ಕೆಲಸಕ್ಕೆ ಅಂತ ಆ ಊರಿಗೆ ಬಂದವರು. 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಲೇತ್ ಮಾಡೋಕೆ ಶುರುಮಾಡಿದ ಮೇಲೆ ಅಲ್ಲಿಗೆ ನಾನಾ ಕಡೆಯ ಜನ ಬಂದು ನೆಲೆಸಿದರು. ಅವನ ಅಮ್ಮ ನಾನು ಅಂಚು ಒತ್ತೋದನ್ನೇ ನೋಡ್ತಾ ಇದ್ದರು.

"ಕಡುಬು ಇದ್ದಂಗೈತಲ್ಲಪ್ಪ ಇದು. ಉಗಿ ಹೋಗಾಕೆ ತೂತು ಬಿಡಲ್ಲೇನು?"

ಚಾಕು ತಗೊಂಡು ನಡುವೆ ಎರಡು ಗೀರು ಹಾಕಿದೆ. 200 ಡಿಗ್ರಿ, ನಲವತ್ತು ನಿಮಿಷ. ಅಷ್ಟರಲ್ಲಿ ಅವರು ಮಿಕ್ಕ ಹಿಟ್ಟನ್ನ ಲಟ್ಟಿಸಿ, ಮಧ್ಯಾಹ್ನದ ಮೆಂತ್ಯದ ಪಲ್ಯ ತುಂಬಿ, ಬೆರಳಲ್ಲಿ ಚಕಚಕ ಮುರಿಗೆ ಹಾಕಿ ಆರು ಕಡುಬು ಜೋಡಿಸಿಟ್ಟಿದ್ದರು. ಅಂಚು ನನ್ನದಕ್ಕಿಂತ ನೂರು ಪಾಲು ಚೆನ್ನಾಗಿತ್ತು. ಪೈ ಹೊರಗೆ ಬಂದ ತಕ್ಷಣ ಅವನ್ನ ಒಳಗೆ ತಳ್ಳಿದೆವು.