ಹಳಿ ಕೂಡಿಸಿದ ಸಿಪಾಯಿಗಳು

ಚಿಕ್ಕಂದಿನಲ್ಲಿ ನಮ್ಮೂರ ರೈಲು ಹಳಿಯ ಗುಂಟ ಗ್ಯಾಂಗ್‌ಮನ್‌ಗಳು ನಡೆದು ಹೋಗುವುದನ್ನು ನೋಡುತ್ತಿದ್ದೆ. ಹೆಗಲ ಮೇಲೆ ಸುತ್ತಿಗೆ, ಕೈಯಲ್ಲಿ ದೊಡ್ಡದೊಂದು ಸ್ಪ್ಯಾನರ್. ರೈಲು ಬಂದರೆ ಪಕ್ಕಕ್ಕೆ ಸರಿದು ನಿಲ್ಲುತ್ತಿದ್ದರು. ಒಳಗೆ ಕೂತವರು ಯಾರೂ ಅವರ ಕಡೆ ನೋಡುತ್ತಿರಲಿಲ್ಲ. ಹಿಜಾಝ್ ರೈಲಿನ ಚರಿತ್ರೆ ಓದುವಾಗಲೆಲ್ಲ ನನಗೆ ಅವರೇ ನೆನಪಾಗುತ್ತಾರೆ. ಯಾಕೆಂದರೆ ಆ ಮರುಭೂಮಿಯಲ್ಲಿ ಹಳಿ ಹಾಕಿದವರಲ್ಲಿ ಹೆಚ್ಚಿನವರು ಸಿಪಾಯಿಗಳು. ಯುದ್ಧದಲ್ಲಿ ಹಳಿ ಮುರಿದಾಗಲೆಲ್ಲ ಮತ್ತೆ ಕೂಡಿಸಿದವರೂ ಸಿಪಾಯಿಗಳೇ.

ದಮಾಸ್ಕಸ್‌ನಿಂದ ಮದೀನಾಕ್ಕೆ ರೈಲು ಹಾಕುವ ಯೋಜನೆಯನ್ನು ಉಸ್ಮಾನೀ ಸುಲ್ತಾನ ಎರಡನೇ ಅಬ್ದುಲ್ ಹಮೀದ್ ಪ್ರಕಟಿಸಿದ್ದು 1900ರಲ್ಲಿ. ಒಂಟೆಗಳ ಕಾರವಾನಿನಲ್ಲಿ ಸುಮಾರು 40 ದಿನ ಹಿಡಿಯುತ್ತಿದ್ದ ಹಾದಿ ಅದು. ಯುರೋಪಿನ ಸಾಲ ಬೇಡ, ಮುಸ್ಲಿಮರ ಚಂದಾ ಹಣದಿಂದಲೇ ಆಗಲಿ ಎಂಬುದು ಸುಲ್ತಾನರ ಆಸೆ. ನಮ್ಮ ದೇಶದಿಂದಲೂ ಹಣ ಹೋಯಿತು. ಅಮೃತಸರದ 'ವಕೀಲ್' ಪತ್ರಿಕೆಯ ಮುಹಮ್ಮದ್ ಇನ್‌ಶಾಉಲ್ಲಾ, ಹೈದರಾಬಾದಿನ ಮುಲ್ಲಾ ಅಬ್ದುಲ್ ಖಯ್ಯೂಮ್ ಇದಕ್ಕಾಗಿ ಓಡಾಡಿದವರು. ಸರಕಾರಿ ನೌಕರರ ಸಂಬಳದಲ್ಲಿ ಕಡಿತ, ಹೊಸ ತೆರಿಗೆಗಳು ಕೂಡ ಸೇರಿಕೊಂಡವು ಎನ್ನುವುದನ್ನು ಮರೆಯಬಾರದು.

ಹಣವೇನೋ ಬಂತು. ಕೈಗಳು ಎಲ್ಲಿಂದ ಬರಬೇಕು? ನೀರಿಲ್ಲದ, ನೆರಳಿಲ್ಲದ ಆ ನೆಲಕ್ಕೆ ಕೂಲಿಗಳು ಸಿಗುವುದು ಕಷ್ಟ. ಆದ್ದರಿಂದ ಕಡ್ಡಾಯ ಸೇವೆಗೆ ಸೇರಿದ ಸಿಪಾಯಿಗಳನ್ನೇ ರೈಲ್ವೆ ತುಕಡಿಗಳನ್ನಾಗಿ ಮಾಡಿ ಕಳಿಸಿದರು. ಬಂದೂಕು ಹಿಡಿಯಲು ಊರು ಬಿಟ್ಟ ರೈತರ ಮಕ್ಕಳ ಕೈಗೆ ಸಲಿಕೆ, ಗುದ್ದಲಿ ಬಂತು. ಮುಖ್ಯ ಇಂಜಿನಿಯರ್ ಜರ್ಮನಿಯ ಮೈಸ್ನರ್ ಪಾಷಾ. ಅಲ್-ಉಲಾದಿಂದ ಮುಂದಕ್ಕೆ ಮುಸ್ಲಿಮೇತರರು ಹೋಗುವಂತಿರಲಿಲ್ಲ. ಅಲ್ಲಿಂದ ಮುಂದಿನ ಕೆಲಸವನ್ನು ಮುಖ್ತಾರ್ ಬೇ ಅವರ ಕೈಕೆಳಗೆ ಉಸ್ಮಾನೀ ಇಂಜಿನಿಯರುಗಳೇ ಪೂರೈಸಿದರು. ಕಾಲರಾ ಬಂತು. ಸರಿಯಾದ ಆಹಾರವಿಲ್ಲದೆ ವಸಡಿನಿಂದ ರಕ್ತ ಒಸರುವ ಸ್ಕರ್ವಿ ಬಂತು. ಮಳೆ ಬಂದರೆ ಒಣಗಿದ ಹಳ್ಳಗಳು ಒಮ್ಮೆಲೇ ಉಕ್ಕಿ ಏರಿಯನ್ನೇ ಕೊಚ್ಚಿಕೊಂಡು ಹೋಗುತ್ತಿದ್ದವು. ಗಾಳಿ ಎದ್ದರೆ ಮರಳು ಹಳಿಯನ್ನು ಮುಚ್ಚುತ್ತಿತ್ತು. ಆದರೂ 1908ರ ಸೆಪ್ಟೆಂಬರ್ 1ರಂದು ಮದೀನಾದವರೆಗಿನ ಸುಮಾರು 1,300 ಕಿಲೋಮೀಟರ್ ಮಾರ್ಗ ಉದ್ಘಾಟನೆಯಾಯಿತು. 40 ದಿನಗಳ ಪ್ರಯಾಣ ಮೂರು ದಿನಕ್ಕಿಳಿಯಿತು.

ಎಲ್ಲರಿಗೂ ಇದು ಸಂತೋಷದ ಸಂಗತಿಯಾಗಿರಲಿಲ್ಲ. ಹಾಜಿಗಳಿಗೆ ಒಂಟೆ ಬಾಡಿಗೆ ಕೊಟ್ಟು, ದಾರಿ ಕಾಯುವುದಕ್ಕೆ ಹಣ ಪಡೆದು ಬದುಕುತ್ತಿದ್ದ ಬದು ಕಬೀಲೆಗಳ ಹೊಟ್ಟೆಯ ಮೇಲೆ ಹಳಿ ಹಾದುಹೋಗಿತ್ತು. ಮಹಾಯುದ್ಧಕ್ಕೆ ಮೊದಲೇ ಅವರು ಮಾರ್ಗದ ಮೇಲೆ ದಾಳಿ ಮಾಡಿದ್ದರು. ಅವರ ಸಿಟ್ಟನ್ನು ದರೋಡೆಕೋರರ ಸಿಟ್ಟು ಎಂದು ತಳ್ಳಿಹಾಕುವುದು ಸುಲಭ, ಆದರೆ ನ್ಯಾಯವಲ್ಲ.

1916ರ ಜೂನ್‌ನಲ್ಲಿ ಷರೀಫ್ ಹುಸೇನ್ ಉಸ್ಮಾನಿಯರ ವಿರುದ್ಧ ಬಂಡೆದ್ದರು. ಬ್ರಿಟಿಷರು ಹಣ, ಶಸ್ತ್ರ, ಸಿಡಿಮದ್ದು ಕೊಟ್ಟರು. ಗಾರ್ಲಂಡ್, ನ್ಯೂಕೂಂಬ್, ಲಾರೆನ್ಸ್ ಮೊದಲಾದ ಅಧಿಕಾರಿಗಳು ಹಳಿ ಒಡೆಯುವುದನ್ನು ಕಲಿಸಿದರು, ತಾವೂ ಒಡೆದರು. ಈ ಮಾರ್ಗದ ಸ್ಲೀಪರುಗಳು ಹೆಚ್ಚಾಗಿ ಉಕ್ಕಿನವು. ಅವುಗಳ ಅಡಿಯಲ್ಲಿ ಸ್ವಲ್ಪವೇ ಸಿಡಿಮದ್ದು ಹೂತಿಟ್ಟರೂ ಸ್ಲೀಪರು ಟುಲಿಪ್ ಮೊಗ್ಗಿನಂತೆ ಮೇಲಕ್ಕೆ ಸೆಟೆದು, ಎರಡೂ ಹಳಿಗಳನ್ನು ತಿರುಚಿಬಿಡುತ್ತಿತ್ತು. ನೇರವಾಗಿ ತುಂಡಾದ ಹಳಿಯನ್ನು ಕತ್ತರಿಸಿ ಜೋಡಿಸಬಹುದು, ತಿರುಚಿದ್ದನ್ನು ಏನು ಮಾಡುವುದು? ತಿರುವುಗಳಲ್ಲಿನ ಬಾಗಿದ ಹಳಿಗೆ ಬದಲಿ ಸಿಗುವುದು ಇನ್ನೂ ಕಷ್ಟ. ದಾಳಿಕೋರರು ಹುಡುಕಿ ಹುಡುಕಿ ಅಂಥದ್ದನ್ನೇ ಒಡೆಯುತ್ತಿದ್ದರು.

ಇಷ್ಟಾದರೂ ರೈಲು ಓಡುತ್ತಲೇ ಇತ್ತು. ಕಾವಲು ಸಿಪಾಯಿಗಳು ಹಳಿಯ ಗುಂಟ ನಡೆದು, ಮರಳು ಕೆದಕಿದ ಗುರುತು ಇದೆಯೇ ಎಂದು ನೋಡುತ್ತಿದ್ದರು. ಮುರಿದ ಕಡೆಗೆ ರಿಪೇರಿ ತಂಡ ಹೋಗಿ ಹೊಸ ಹಳಿ ಕೂಡಿಸುತ್ತಿತ್ತು. ಮತ್ತೆ ಒಡೆತ, ಮತ್ತೆ ಜೋಡಣೆ. ಕಲ್ಲಿದ್ದಲಿಲ್ಲದೆ ಇಂಜಿನ್‌ಗೆ ಸೌದೆ ಹಾಕುತ್ತಿದ್ದ ಕಾಲ ಅದು. ಮದೀನಾದ ದಂಡನಾಯಕ ಫಖ್ರುದ್ದೀನ್ ಪಾಷಾ 1917ರಲ್ಲಿ ಪವಿತ್ರ ವಸ್ತುಗಳನ್ನು ಇಸ್ತಾಂಬುಲ್‌ಗೆ ಕಳಿಸಿದ್ದು ಇದೇ ಹಳಿಯ ಮೇಲೆ. ಇಂದು ತೋಪ್‌ಕಾಪಿ ಅರಮನೆಯಲ್ಲಿ ಅವನ್ನು ನೋಡುವವರಿಗೆ ಹಳಿ ಕಾದ ಆ ಸಿಪಾಯಿಯ ನೆನಪು ಬರಲಾರದು.

ಇನ್ನೊಂದು ಮಾತನ್ನೂ ಹೇಳಬೇಕು. ಅದೇ ಹಳಿಯ ಮೇಲೆ ಮದೀನಾದ ಸಾಮಾನ್ಯ ಜನರನ್ನು, ಹೆಂಗಸರು ಮಕ್ಕಳೆನ್ನದೆ, ತುಂಬಿ ಉತ್ತರಕ್ಕೆ ಸಾಗಹಾಕಲಾಯಿತು. 'ಸಫರ್‌ಬರ್ಲಿಕ್' ಎಂಬ ಹೆಸರಿನಲ್ಲಿ ಅಲ್ಲಿಯವರು ಇಂದಿಗೂ ಆ ನೋವನ್ನು ನೆನೆಯುತ್ತಾರೆ. ಹಾಜಿಗಳಿಗಾಗಿ ಬಡವರು ಕೊಟ್ಟ ಚಂದಾ ಹಣದ ಹಳಿ ತೋಪು ಹೊತ್ತಿತು, ನಿರಾಶ್ರಿತರನ್ನು ಹೊತ್ತಿತು. ಒಡೆದವರೂ ಮುಸ್ಲಿಮರು, ಕೂಡಿಸಿದವರೂ ಮುಸ್ಲಿಮರು. ಇಬ್ಬರ ಹೆಣದ ಮೇಲೂ ಓದಿದ್ದು ಒಂದೇ ಜನಾಝಾ ನಮಾಝ್.

1918ರ ಏಪ್ರಿಲ್‌ನಲ್ಲಿ ಮಆನ್ ಮತ್ತು ಮುದವ್ವರಾ ನಡುವಿನ ಮಾರ್ಗದ ಬಹುಭಾಗ ನಾಶವಾಯಿತು. ಇದು ರಿಪೇರಿ ತಂಡಗಳ ಕೈ ಮೀರಿದ್ದು. ಮದೀನಾ ಒಂಟಿಯಾಯಿತು. ಅಲ್ಲಿನ ಸಿಪಾಯಿಗಳು ಮಿಡತೆ ತಿಂದು ಬದುಕಿದರು. ಅಕ್ಟೋಬರ್ ಕೊನೆಗೆ ಕದನವಿರಾಮವಾದರೂ ಪಾಷಾ ಒಪ್ಪದೆ, ನಗರ ಕೈಬಿಟ್ಟದ್ದು 1919ರ ಜನವರಿಯಲ್ಲಿ. ಯುದ್ಧದ ನಂತರ ತೇಪೆ ಹಾಕಿ ಕೆಲಕಾಲ ಓಡಿಸಿದ ಮದೀನಾ ರೈಲು 1920ರ ದಶಕದಲ್ಲಿ ನಿಂತೇಹೋಯಿತು. 1960ರ ದಶಕದಲ್ಲಿ ಮತ್ತೆ ಶುರುವಾದ ದುರಸ್ತಿ ಕೆಲಸ 1967ರ ಯುದ್ಧದಿಂದ ಅರ್ಧಕ್ಕೇ ನಿಂತಿತು.

ಹಳಿ ಒಡೆದ ಲಾರೆನ್ಸ್ ಪುಸ್ತಕ ಬರೆದ. ಅವನ ಮೇಲೆ 1962ರಲ್ಲಿ ಸಿನಿಮಾ ಬಂತು, ಜಗತ್ತೆಲ್ಲ ನೋಡಿತು. ಮುಂಜಾವಿನಲ್ಲಿ ಬೋಲ್ಟು ಬಿಗಿಯುತ್ತಿದ್ದ ಸಿಪಾಯಿಯ ಹೆಸರು ಯಾರಿಗೂ ಗೊತ್ತಿಲ್ಲ. ಅವನನ್ನು ವೀರನೆಂದು ಮೆರೆಸಬೇಕು ಎಂದು ನಾನು ಹೇಳುತ್ತಿಲ್ಲ. ಅವನು ಯಾವ ಆಜ್ಞೆಗೆ ದುಡಿದ, ಆ ಹಳಿಯ ಮೇಲೆ ಯಾರ್ಯಾರು ಏನೇನು ಕಳೆದುಕೊಂಡರು ಎನ್ನುವುದೂ ಲೆಕ್ಕಕ್ಕೆ ಬರಬೇಕು. ಆದರೆ ಸ್ಫೋಟಗಳನ್ನು ಮಾತ್ರ ಎಣಿಸಿ ಬರೆದದ್ದು ಅರ್ಧ ಚರಿತ್ರೆ. ಮದೀನಾಕ್ಕೆ ಹೋಗುವ ನಮ್ಮ ಹಾಜಿಗಳು ಅಂಬರಿಯಾದಲ್ಲಿ ಆ ಹಳೆಯ ಕಲ್ಲಿನ ನಿಲ್ದಾಣವನ್ನು ಕಂಡರೆ ಒಂದು ಗಳಿಗೆ ನಿಲ್ಲಲಿ. ಚಂದಾ ಕೊಟ್ಟ ಬಡವರಿಗೆ, ಊರು ಬಿಟ್ಟು ಹೋದ ಮದೀನಾದವರಿಗೆ, ಒಂಟೆಯ ಬಾಡಿಗೆ ಕಳೆದುಕೊಂಡ ಬದುಗಳಿಗೆ, ಸಲಿಕೆ ಹಿಡಿದೇ ಸತ್ತ ಸಿಪಾಯಿಗೆ, ಎಲ್ಲರಿಗೂ ಸೇರಿಸಿ ಒಂದು ದುಆ ಮಾಡಲಿ.