ಬಿದರಿ ಲೋಹ

ಬೀದರಿನ ಕುಶಲಕರ್ಮಿಗಳು ಹೂಜಿ, ಹುಕ್ಕಾ, ಹೂದಾನಿಗಳನ್ನು ಎರಕ ಹೊಯ್ಯುವ ಮಿಶ್ರಲೋಹ. ಸುಮಾರು 16 ಪಾಲು ಸತುವಿಗೆ 1 ಪಾಲು ತಾಮ್ರ ಸೇರುತ್ತದೆ. ಎರಕಕ್ಕೆ ಮೈಲುತುತ್ತದ ದ್ರಾವಣ ಸವರಿ ತಾತ್ಕಾಲಿಕವಾಗಿ ಕಪ್ಪಾಗಿಸಿ, ಉಳಿಯಿಂದ ಚಿತ್ತಾರ ಕೊರೆದು, ಗೀರುಗಳಲ್ಲಿ ಬೆಳ್ಳಿಯ ತಂತಿ ಅಥವಾ ತಗಡು ಕೂರಿಸುತ್ತಾರೆ. ಕೊನೆಗೆ ಬೀದರ ಕೋಟೆಯ ಹಳೆಯ ಮಣ್ಣನ್ನು ನವಸಾಗರದೊಂದಿಗೆ ಕಲಸಿ ಹಚ್ಚಿದರೆ ಲೋಹ ಕಡುಗಪ್ಪಾಗುತ್ತದೆ, ಬೆಳ್ಳಿ ಮಾತ್ರ ಹೊಳಪು ಬಿಡುವುದಿಲ್ಲ. ಈ ಕಲೆಯ ಜೀವವಿರುವುದು ಇಲ್ಲೇ. ಇನ್ನು ಎರಕದ ಹಂತದಲ್ಲಿ ಎಚ್ಚರ ಬೇಕು: ಸತು ಕರಗುವುದು ಸುಮಾರು 420 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಮಿತಿಮೀರಿ ಕಾಯಿಸಿದಾಗ ಏಳುವ ಬಿಳಿ ಹೊಗೆ ಸತುವಿನ ಆಕ್ಸೈಡ್. ಅದನ್ನು ಉಸಿರಾಡಿದವರಿಗೆ ಕೆಲವು ಗಂಟೆಗಳಲ್ಲಿ ಚಳಿಜ್ವರ, ಮೈಕೈ ನೋವು ಬರಬಹುದು; ಸಾಮಾನ್ಯವಾಗಿ ಒಂದೆರಡು ದಿನಗಳಲ್ಲಿ ಇಳಿಯುತ್ತದೆ. ಕುಲುಮೆಯ ಕೋಣೆಗೆ ಗಾಳಿಯಾಟ ಬೇಕೇ ಬೇಕು. ಬಿದರಿ ಕಲಾವಿದ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ಸಂದಿತು.